ಫಟಫಟಿಯ ತೂಬು

ಕೆರೆಯನ್ನು ಕಟ್ಟಿಸಿದವರ ಹೆಸರು ಶಾಸನದಲ್ಲಿ ನಿಲ್ಲುವದು. ಕೆರೆ ತುಂಬಿದ ದಿನ ಊರ ಹೆಣ್ಣುಮಕ್ಕಳು ಬಾಗಿನವನ್ನು ಅರ್ಪಿಸುವರು. ಏರಿಯ ಮೇಲೆ ಜನ ನೆರೆದು ನೀರನ್ನು ನೋಡಿ ಸಂತೋಷಪಡುವರು. ಆದರೆ ಏರಿಯ ಬುಡದಲ್ಲಿ ನೀರೊಳಗೆ ಮುಳುಗಿ, ಯಾರ ಕಣ್ಣಿಗೂ ಬೀಳದೆ ಕುಳಿತಿರುವ ತೂಬನ್ನು ನೆನೆಯುವವರು ವಿರಳ. ತೂಬು ತೆರೆಯದಿದ್ದರೆ ಪೈರು ಒಣಗುವದು. ಮುಚ್ಚದಿದ್ದರೆ ಕೆರೆಯೇ ಬತ್ತುವದು. ಸಂಸಾರದಲ್ಲಿಯೂ ಇದೇ ರೀತಿ. ದೊಡ್ಡ ವಸ್ತುಗಳಿಗೆ ಸಲ್ಲುವ ಮರ್ಯಾದೆ ಸಣ್ಣ ವಸ್ತುಗಳಿಗೆ ಸಲ್ಲುವದಿಲ್ಲ. ಆದರೆ ಸಣ್ಣದು ಕೆಟ್ಟ ದಿನ ದೊಡ್ಡದರ ಬೆಲೆ ತಟ್ಟನೆ ಇಳಿದುಹೋಗುವದು. ಅಂಥದೊಂದು ಸಣ್ಣ ವಸ್ತುವಿನ ವಿಷಯವಾಗಿ ಈ ಸಲ ನಾಲ್ಕು ಮಾತು ಬರೆಯಬೇಕೆಂದಿದ್ದೇವೆ.

ಇಷ್ಟು ಪೀಠಿಕೆ ಹಾಕಿದ ಮೇಲೆ, ನಾವು ಹೇಳಹೊರಟದ್ದು ಹಳೆಯ ಮೋಟಾರ ಸೈಕಲ್ಲಿನ ಪೆಟ್ರೋಲ ಕಾಕಿನ ಸಂಗತಿಯೆಂದರೆ ವಾಚಕರು ನಗಬಹುದು. ಗೃಹಸ್ಥರೂ ಗೃಹಿಣಿಯರೂ ಓದುವ ಪತ್ರಿಕೆಯಲ್ಲಿ ಯಂತ್ರದ ಕೀಲುಗಳ ಚರ್ಚೆ ಏತಕ್ಕೆಂದು ಕೇಳಲೂಬಹುದು. ಆದರೆ ನಮ್ಮ ಕಡೆಯ ಹಳೆಯ ಮನೆಗಳಲ್ಲಿ ವಾಹನಕ್ಕೆಂದು ಬೇರೆ ಕೋಣೆ ಇರುವದಿಲ್ಲ. ಸಂಜೆಗೆ ಅದು ಹೊಸ್ತಿಲು ದಾಟಿ ಪಡಸಾಲೆಗೆ ಬರುವದು. ಮಕ್ಕಳು ಮಲಗುವ ಚಾಪೆಯಿಂದ ನಾಲ್ಕು ಮೊಳ ದೂರದಲ್ಲಿ ಅದೂ ಮಲಗುವದು. ಹೀಗೆ ಮನೆಯೊಳಗೆ ಮಲಗುವ ವಸ್ತುವಿನ ಗುಣದೋಷಗಳು ಮನೆಯವರೆಲ್ಲರಿಗೂ ತಿಳಿದಿರುವದು ನ್ಯಾಯವಲ್ಲವೆ?

ನಮ್ಮ ವಾಸ ಗುತ್ತಲದಲ್ಲಿ. ಶಾಸನಗಳು ಗುತ್ತವೊಳಲೆಂದು ಕರೆದ ಊರು ಇದೇ. 12–13ನೆಯ ಶತಮಾನಗಳಲ್ಲಿ ಗುತ್ತರೆಂಬ ಮಾಂಡಲಿಕರು, ತಾವು ಉಜ್ಜಯಿನಿಯ ವಿಕ್ರಮಾದಿತ್ಯನ ವಂಶದವರೆಂದು ಹೇಳಿಕೊಂಡು, ಈ ಸೀಮೆಯನ್ನು ಆಳಿದರು. ತುಂಗಭದ್ರೆಯ ದಂಡೆಯ ಚೌಡದಾನಪುರದ ಮುಕ್ತೇಶ್ವರ ದೇವಾಲಯವು ಆ ಕಾಲದ ವೈಭವವನ್ನು ಇನ್ನೂ ಸಾರುತ್ತದೆ. ರಾಜರು ಹೋದರು, ಊರು ಉಳಿಯಿತು. ಸುತ್ತಲೂ ಎರೆಯ ಹೊಲ. ಹತ್ತಿ, ಜೋಳ, ಮೆಣಸಿನಕಾಯಿ, ಈಚೆಗೆ ಹೆಚ್ಚಾಗಿ ಗೋವಿನಜೋಳ. ಕಚೇರಿಯ ಕೆಲಸಕ್ಕೆ ಹಾವೇರಿ, ಬಟ್ಟೆಬರೆಗೆ ರಾಣೇಬೆನ್ನೂರು, ಮೆಣಸಿನಕಾಯಿಯ ಮಾರಾಟಕ್ಕೆ ಬ್ಯಾಡಗಿ. ಈ ಮೂರು ಪೇಟೆಗಳ ನಡುವೆ ನಮ್ಮ ಬಾಳುವೆ ಲಾಳಿಯಂತೆ ಓಡಾಡುತ್ತ ಬಂದಿದೆ.

ನಮ್ಮ ತೀರ್ಥರೂಪರು ಮೆಣಸಿನಕಾಯಿಯ ವ್ಯಾಪಾರ ಮಾಡುತ್ತಿದ್ದರು. ಬಸ್ಸಿನ ದಾರಿ ಕಾದು ಬೇಸತ್ತು, 1967ರಲ್ಲಿ ಅವರೊಂದು ಜಾವಾ ಮೋಟಾರ ಸೈಕಲ್ಲನ್ನು ಕೊಂಡರು. ಅದರ ಸದ್ದಿಗೆ ತಕ್ಕಂತೆ ಊರವರು ಅದನ್ನು ‘ಫಟಫಟಿ’ ಎಂದರು. ನಮ್ಮ ಮನೆಯಲ್ಲಿಯೂ ಅದೇ ಹೆಸರು ನಿಂತಿತು. ಜಾವಾ ಎಂಬುದು ಝೆಕೊಸ್ಲೊವಾಕಿಯ ದೇಶದ ಕಾರಖಾನೆಯ ಹೆಸರು. 1929ರಲ್ಲಿ ಅದನ್ನು ನಡೆಸಹತ್ತಿದ ಜಾನೆಚೆಕ್ ಎಂಬವರ ಹೆಸರಿನ ಮೊದಲೆರಡು ಅಕ್ಷರಗಳನ್ನೂ, ಅವರು ಯಾರಿಂದ ಯಂತ್ರದ ಹಕ್ಕನ್ನು ಕೊಂಡರೋ ಆ ವಾಂಡರರ್ ಕಂಪನಿಯ ಮೊದಲೆರಡು ಅಕ್ಷರಗಳನ್ನೂ ಕೂಡಿಸಿ ಆದ ಶಬ್ದವದು. ನಮ್ಮ ನಾಡಿನಲ್ಲಿ ಇದೇ ವಾಹನವನ್ನು ಮೈಸೂರಿನ ಐಡಿಯಲ್ ಜಾವಾ ಕಾರಖಾನೆಯವರು 1961ರಿಂದ ತಯಾರಿಸಿದರು. 1973ರಿಂದ ಮುಂದೆ ಅದಕ್ಕೆ ಯೆಜ್ಡಿ ಎಂಬ ಹೆಸರು ಬಂದಿತು. 1996ರಲ್ಲಿ ಆ ಕಾರಖಾನೆಯ ಬಾಗಿಲು ಮುಚ್ಚಿತು. ಹೆತ್ತವರು ಹೋದರೂ ಮಕ್ಕಳು ಬಾಳುವಂತೆ ಅದರ ವಾಹನಗಳು ಈಗಲೂ ಓಡುತ್ತಿವೆ. ಜುಲೈ ತಿಂಗಳ ಎರಡನೆಯ ಆದಿತ್ಯವಾರ ಇವುಗಳ ಅಭಿಮಾನಿಗಳು ಬೆಂಗಳೂರು, ಮೈಸೂರು ಮೊದಲಾದೆಡೆ ನೆರೆದು ಹಬ್ಬದಂತೆ ಆಚರಿಸುವದುಂಟು.

ಇನ್ನು ತೂಬಿನ ವಿಷಯ. ವಾಹನದ ಸವಾರನ ಮೊಣಕಾಲುಗಳ ನಡುವೆ ಇರುವ ದುಂಡನೆಯ ತೊಟ್ಟಿಯೇ ಕೆರೆ. ಅದರಲ್ಲಿ ಪೆಟ್ರೋಲು ಇರುವದು. ಇಂಥ ಹಳೆಯ ವಾಹನದಲ್ಲಿ ಪೆಟ್ರೋಲನ್ನು ಎಳೆಯುವ ಪಂಪು ಇಲ್ಲ. ಮೇಲಿನದು ಕೆಳಗೆ ಇಳಿಯುವದೆಂಬ ಪ್ರಕೃತಿಯ ನಿಯಮವೇ ಅದರ ಪಂಪು. ತೊಟ್ಟಿಯ ತಳದಲ್ಲಿ ಹೆಬ್ಬೆರಳು ಗಾತ್ರದ ಒಂದು ಕಾಕು; ಅದಕ್ಕೆ ಒಂದು ಪುಟ್ಟ ಹಿಡಿಕೆ. ಹಿಡಿಕೆಗೆ ಮೂರು ನೆಲೆ: ಮುಚ್ಚಿದ್ದು, ತೆರೆದದ್ದು, ಮತ್ತು ರಿಸರ್ವು ಎಂಬ ಕಾಯ್ದಿಟ್ಟ ನಿಧಿ. ಈ ಮೂರನೆಯದರ ಗುಟ್ಟು ಬಹು ಸರಳ. ಕಾಕಿನಿಂದ ಒಂದು ಸಣ್ಣ ಕೊಳವೆ ತೊಟ್ಟಿಯೊಳಗೆ ಕೆಲವು ಅಂಗುಲ ಎದ್ದು ನಿಂತಿರುವದು. ಸಾಮಾನ್ಯ ನೆಲೆಯಲ್ಲಿ ಪೆಟ್ರೋಲು ಆ ಕೊಳವೆಯ ಬಾಯಿಯಿಂದ ಮಾತ್ರ ಇಳಿಯುವದು. ಮಟ್ಟ ಆ ಬಾಯಿಗಿಂತ ಕೆಳಗಾದರೆ ಹರಿವು ನಿಂತು ಯಂತ್ರ ಕೆಮ್ಮಹತ್ತುವದು. ಆಗ ಹಿಡಿಕೆಯನ್ನು ತಿರುವಿದರೆ, ತಳದಲ್ಲಿಯೇ ಇರುವ ಬೇರೊಂದು ರಂಧ್ರ ತೆರೆದುಕೊಂಡು, ಉಳಿದ ಪೆಟ್ರೋಲು ಹರಿದುಬರುವದು. ಕಾಳಿನ ಹಗೇವಿನ ತಳದಲ್ಲಿ ಬೀಜಕ್ಕೆಂದು ಒಂದಿಷ್ಟು ಬಿಟ್ಟಿರುವ ಒಕ್ಕಲಿಗನ ವಿವೇಕ ಇದರಲ್ಲಿದೆ.

ಈ ವಿವೇಕದ ಬೆಲೆ ನಮ್ಮ ಮನೆತನಕ್ಕೆ ಒಂದು ರಾತ್ರಿ ತಿಳಿದಿದೆ. ನಾವು ಇನ್ನೂ ಹುಡುಗರಿದ್ದಾಗ ನಮ್ಮ ತಂಗಿಗೆ ವಿಪರೀತ ಜ್ವರ ಬಂದು ಕಣ್ಣು ಮೇಲೆ ಸಿಕ್ಕಿಕೊಂಡವು. ತೀರ್ಥರೂಪರು ಅವಳನ್ನು ಮಾತೋಶ್ರೀಯವರ ಮಡಿಲಲ್ಲಿ ಹಾಕಿ, ಇಬ್ಬರನ್ನೂ ಹಿಂದೆ ಕೂಡಿಸಿಕೊಂಡು ಹಾವೇರಿಯ ದಾರಿ ಹಿಡಿದರು. ನಡುದಾರಿಯಲ್ಲಿ, ಎರಡು ಕಡೆಗೂ ಹೊಲಗಳಲ್ಲದೆ ಬೇರೇನೂ ಇಲ್ಲದ ಕಗ್ಗತ್ತಲಲ್ಲಿ, ಯಂತ್ರ ಒಮ್ಮೆ ಮುಗ್ಗರಿಸಿತು. ಮಾತೋಶ್ರೀಯವರ ಜೀವ ಬಾಯಿಗೆ ಬಂದಿತು. ತೀರ್ಥರೂಪರು ಗಾಡಿಯನ್ನು ನಿಲ್ಲಿಸಲಿಲ್ಲ. ಕೆಳಗೆ ನೋಡಲೂ ಇಲ್ಲ. ಕೈ ತಾನಾಗಿ ತೊಟ್ಟಿಯ ಅಡಿಗೆ ಹೋಗಿ ಹಿಡಿಕೆಯನ್ನು ತಿರುವಿತು. ಎರಡು ಉಸಿರಿನಷ್ಟು ಹೊತ್ತಿನಲ್ಲಿ ಫಟಫಟಿ ಮೊದಲಿನ ಸದ್ದಿಗೆ ಬಂದಿತು. ತಂಗಿ ಈಗ ಮೊಮ್ಮಕ್ಕಳನ್ನು ಕಂಡಿದ್ದಾಳೆ. ನಮ್ಮ ಮಾತೋಶ್ರೀಯವರು ಆ ವಾಹನವನ್ನು ಬರಿಯ ಕಬ್ಬಿಣವೆಂದು ಎಂದೂ ಎಣಿಸದಿರುವದಕ್ಕೆ ಕಾರಣವೇನೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು.

ತೂಬಿನಿಂದ ಇಳಿದ ಪೆಟ್ರೋಲು ಒಂದು ಗೇಣುದ್ದದ ರಬ್ಬರಿನ ಕಾಲುವೆಯ ಮೂಲಕ ಕಾರ್ಬ್ಯುರೇಟರೆಂಬ ಪಾತ್ರೆಗೆ ಬರುವದು. ಕಾರ್ಬ್ಯುರೇಟರಿನ ಕೆಲಸ ಅಡಿಗೆಯವಳ ಕೆಲಸದಂತೆ: ಹದವಾಗಿ ಬೆರಸುವದು. ಒಂದು ತೂಕ ಪೆಟ್ರೋಲಿಗೆ ಸುಮಾರು ಹದಿನೈದು ತೂಕ ಗಾಳಿ ಬೇಕು. ಪಾತ್ರೆಯ ಒಂದು ಬದಿಗೆ ಪುಟ್ಟ ಬಾವಿ. ಅದರಲ್ಲಿ ತೇಲುವ ಒಂದು ಪೊಳ್ಳು ಗುಂಡು. ಪೆಟ್ರೋಲು ಏರಿದಂತೆ ಗುಂಡು ಏರಿ, ತನ್ನ ಸೂಜಿಯಿಂದ ಒಳದಾರಿಯನ್ನು ಮುಚ್ಚುವದು, ಇಳಿದಂತೆ ತೆರೆಯುವದು. ನಡುವಿನ ಕಿರಿದಾದ ಗಂಟಲಿನಲ್ಲಿ ಯಂತ್ರ ಸೆಳೆದ ಗಾಳಿ ವೇಗದಿಂದ ಹಾಯುವಾಗ ಅಲ್ಲಿ ಒತ್ತಡ ಕಡಿಮೆಯಾಗುವದು. ಆಗ ಬಾವಿಯ ಪೆಟ್ರೋಲು ಜೆಟ್ಟು ಎಂಬ ಹಿತ್ತಾಳೆಯ ಸೂಕ್ಷ್ಮ ರಂಧ್ರದಿಂದ ಚಿಮ್ಮಿ, ಮಂಜಿನಂತೆ ಗಾಳಿಯೊಡನೆ ಕೂಡಿ ಒಳಹೋಗುವದು. ಜೆಟ್ಟಿನ ರಂಧ್ರ ಎಷ್ಟು ಸಣ್ಣದೆಂದರೆ ತುಕ್ಕಿನ ಒಂದು ಕಣ ಸಾಕು, ಸವಾರನನ್ನು ಕಾಲ್ನಡಿಗೆಗೆ ಇಳಿಸಲು.

ಇಲ್ಲಿ ಗಾಳಿಯ ವಿಚಾರವನ್ನೂ ಹೇಳಬೇಕು. ತುಂಬಿದ ತಂಬಿಗೆಯ ಬಾಯಿಯನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿ ಬೋರಲಾಗಿಸಿದರೆ, ಬೆರಳ ಸಂದು ಬಿಟ್ಟರೂ ನೀರು ಸರಾಗವಾಗಿ ಇಳಿಯುವದಿಲ್ಲ; ಒಳಗೆ ಗಾಳಿ ಹೋಗಬೇಕು. ಪೆಟ್ರೋಲ ತೊಟ್ಟಿಯ ಮುಚ್ಚಳಿಕೆಯಲ್ಲಿ ಇದಕ್ಕಾಗಿಯೇ ಒಂದು ಸೂಜಿಮೊನೆಯ ರಂಧ್ರವಿರುವದು. ಎರೆಯ ಮಣ್ಣಿನ ಧೂಳು ಅದನ್ನು ಮುಚ್ಚಿದರೆ, ನಾಲ್ಕಾರು ಮೈಲು ಓಡಿದ ಮೇಲೆ ಯಂತ್ರ ನಿಲ್ಲುವದು. ಸವಾರ ಮುಚ್ಚಳಿಕೆ ತೆಗೆದು ಪೆಟ್ರೋಲು ಇದೆಯೇ ಎಂದು ನೋಡುವನು. ನೋಡಿದ್ದರಿಂದಲೇ ಗಾಳಿ ಒಳಹೊಕ್ಕು ಮತ್ತೆ ಓಡುವದು. ಹೀಗೆ ರೋಗವು ವೈದ್ಯನ ಮುಂದೆ ಅಡಗುವದರಿಂದ, ಎಷ್ಟೋ ಜನ ಕಾರ್ಬ್ಯುರೇಟರನ್ನು ಹತ್ತು ಸಲ ಬಿಚ್ಚಿಸಿ ಹಣ ಕಳೆಯುವರು. ರಬ್ಬರಿನ ಕಾಲುವೆ ಮೇಲಕ್ಕೆ ಡೊಂಕಾಗಿ ಏರಿಳಿದರೂ ಅದರಲ್ಲಿ ಗಾಳಿಯ ಗುಳ್ಳೆ ಸಿಕ್ಕಿ ಹರಿವು ತಡೆಯುವದು. ಕಾಲುವೆ ಯಾವಾಗಲೂ ಇಳಿಜಾರಾಗಿಯೇ ಇರಬೇಕೆಂಬುದು ನಮ್ಮ ಹೊಲದ ಆಳಿಗೂ ತಿಳಿದ ಮಾತು.

ತೀರ್ಥರೂಪರು 1999ರಲ್ಲಿ ತೀರಿಕೊಂಡರು. ಫಟಫಟಿ ಪಡಸಾಲೆಯ ಮೂಲೆಯಲ್ಲಿ ನಿಂತಿತು. ಮಾತೋಶ್ರೀಯವರು ಅದನ್ನು ಮಾರಗೊಡಲಿಲ್ಲ. ಪ್ರತಿ ವರ್ಷ ಆಯುಧಪೂಜೆಗೆ ಒರಸಿ ಹೂವೇರಿಸುತ್ತ ಬಂದರು. ಹುಬ್ಬಳ್ಳಿಯಲ್ಲಿ ಓದುತ್ತಿದ್ದ ನಮ್ಮ ಮಗಳು ಎರಡು ವರ್ಷದ ಹಿಂದೆ, ಅಜ್ಜನ ಗಾಡಿಯನ್ನು ತಾನು ಓಡಿಸುವೆನೆಂದು ಹಟ ಹಿಡಿದಳು. ಊರ ಮೇಸ್ತ್ರಿ ತೊಟ್ಟಿಯ ತುಕ್ಕನ್ನು ತೊಳೆದು, ಕಾರ್ಬ್ಯುರೇಟರನ್ನು ಶುದ್ಧ ಮಾಡಿ, ಹಳೆಯ ಕಾಕನ್ನು ಬಿಚ್ಚಿ ತೋರಿಸಿದನು. ಅದರೊಳಗಿನ ಮುಚ್ಚಳ ಕಾರ್ಕಿನ ಬಿಲ್ಲೆ. ಕಾರ್ಕೆಂದರೆ ಪೋರ್ತುಗಾಲ, ಸ್ಪೇನ ದೇಶಗಳಲ್ಲಿ ಬೆಳೆಯುವ ಒಂದು ಜಾತಿಯ ಓಕ್ ಮರದ ತೊಗಟೆ. ನೆನೆದಿರುವವರೆಗೆ ಅದು ಉಬ್ಬಿ ಬಿಗಿಯಾಗಿರುವದು, ಒಣಗಿತೆಂದರೆ ಕುಗ್ಗಿ ಸಡಿಲಾಗುವದು. ಇಪ್ಪತ್ತೈದು ವರ್ಷ ಒಣಗಿದ ಬಿಲ್ಲೆ ಬೆರಳಲ್ಲಿ ಪುಡಿಯಾಯಿತು. ಪೇಟೆಯ ಒಂದು ಅಂಗಡಿಯಿಂದ ಹೊಸ ಕಾಕು ಬಂದಿತು, ನೋಡಲು ಥಳಥಳಿಸುತ್ತಿತ್ತು, ಒಳಗೆ ಕಾರ್ಕಿನ ಬದಲು ರಬ್ಬರು. ಫಟಫಟಿ ಮತ್ತೆ ಮಾತಾಡಿತು. ಮಗಳು ಅದರ ಮೇಲೆ ಓಣಿಯಲ್ಲಿ ಒಂದು ಸುತ್ತು ಬಂದಾಗ ಮುದುಕರು ಕಟ್ಟೆಯಿಂದ ಎದ್ದು ನಿಂತರು.

ಮುಂದೆ ಒಂದು ತಿಂಗಳಾಗಿರಬಹುದು. ಮಳೆಗಾಲದ ಸಂಜೆ, ವಿದ್ಯುದ್ದೀಪ ಹೋಗಿತ್ತು, ಮಳೆಯ ಇರಿಚಲಿಗೆ ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಎಂಬತ್ತು ದಾಟಿದ ಮಾತೋಶ್ರೀಯವರು ದೇವರ ಮುಂದಿನ ದೀಪ ಹಚ್ಚಿ, ಅದರಿಂದ ಒಂದು ಹಣತೆ ಹೊತ್ತಿಸಿಕೊಂಡು ಪಡಸಾಲೆಗೆ ಬರಹೊರಟವರು ನಡುಮನೆಯ ಹೊಸ್ತಿಲಲ್ಲಿಯೇ ನಿಂತುಬಿಟ್ಟರು. ಮೂಗೇರಿಸಿ ಒಮ್ಮೆ ವಾಸನೆ ಹಿಡಿದರು. ಕೂಡಲೆ ಹಣತೆಯನ್ನು ಅಲ್ಲಿಯೇ ಆರಿಸಿ, ಹಿಂದಕ್ಕೆ ಸರಿದು, “ಯಾರೂ ದೀಪಾ ತರಬ್ಯಾಡ್ರಿ. ಮೊದಲ ಬಾಗಲಾ ತೆಗೀರಿ,” ಎಂದು ಕೂಗಿದರು. ಬಾಗಿಲು ತೆರೆದು ನೋಡಲಾಗಿ, ಗಾಡಿಯ ಕೆಳಗೆ ಎರಡು ಕೈಯಗಲ ಪೆಟ್ರೋಲು ಹರಡಿತ್ತು. ಕಾಕಿನ ಹಿಡಿಕೆ ಮುಚ್ಚಿದ ನೆಲೆಯಲ್ಲಿಯೇ ಇದ್ದಿತು.

ಆಗಿದ್ದಿಷ್ಟು. ರಬ್ಬರಿನ ಬಿಲ್ಲೆ ಪೆಟ್ರೋಲಿನಲ್ಲಿ ನೆನೆದು ಉಬ್ಬಿ, ಸೊಟ್ಟಾಗಿ, ರಂಧ್ರದ ಮೇಲೆ ಸರಿಯಾಗಿ ಕೂಡದಂತಾಗಿತ್ತು. ಅಲ್ಲಿಂದ ಹನಿಹನಿಯಾಗಿ ಇಳಿದ ಪೆಟ್ರೋಲಿನೊಡನೆ ಬಂದ ರಬ್ಬರಿನ ಒಂದು ಚೂರು ಕಾರ್ಬ್ಯುರೇಟರಿನ ಸೂಜಿಯ ಕೆಳಗೆ ಸಿಕ್ಕಿಕೊಂಡು ಎರಡನೆಯ ಬಾಗಿಲನ್ನೂ ತೆರೆದಿಟ್ಟಿತ್ತು. ಪುಟ್ಟ ಬಾವಿ ತುಂಬಿ ಹೊರಚೆಲ್ಲಿ, ಸ್ವಲ್ಪ ನೆಲಕ್ಕೂ ಸ್ವಲ್ಪ ಯಂತ್ರದ ಹೊಟ್ಟೆಗೂ ಇಳಿದಿತ್ತು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹೊಗೆಯಂತೆ ಮೇಲೇರಿ ಮಾಡಿನಿಂದ ಹೋಗುವದಿಲ್ಲ. ನೆಲ ಹಿಡಿದು ಹರಿದು, ಹೊಸ್ತಿಲು ದಾಟಿ, ತಗ್ಗಿನಲ್ಲಿ ನಿಲ್ಲುವದು. ನೂರು ಪಾಲಿನಲ್ಲಿ ಒಂದೂವರೆ ಪಾಲಿನಷ್ಟು ಆವಿ ಬೆರೆತರೆ ಸಾಕು, ದೂರದ ಕಿಡಿಗೂ ಅದು ಹೊತ್ತಿಕೊಳ್ಳುವದು. ಮಾತೋಶ್ರೀಯವರು ಇನ್ನು ನಾಲ್ಕು ಹೆಜ್ಜೆ ಬಂದಿದ್ದರೆ ಏನಾಗುತ್ತಿತ್ತೆಂಬುದನ್ನು ಬರೆಯಲು ನಮ್ಮ ಲೇಖನಿ ಒಲ್ಲದು.

ಅವರಿಗೆ ಹೇಗೆ ತಿಳಿಯಿತೆಂದು ಆ ರಾತ್ರಿ ಎಲ್ಲರೂ ಕೇಳಿದೆವು. ಅವರು ಹೇಳಿದ್ದಿಷ್ಟೆ: ತೀರ್ಥರೂಪರು ಊರಿಂದ ಬಂದು, ಗಾಡಿಯನ್ನು ಒಳಗೆ ತಂದು, ಕಾಕು ಮುಚ್ಚಿ, ಕೈ ತೊಳೆಯಲು ಬಚ್ಚಲಿಗೆ ಹೋಗುವಾಗ ಅವರ ಬೆರಳುಗಳಲ್ಲಿ ಆ ವಾಸನೆ ಇರುತ್ತಿತ್ತು. ಮೂವತ್ತೆರಡು ವರ್ಷ ದಿನಾಲು ಸಂಜೆ ಅದೇ ಹೊತ್ತಿಗೆ ಬಂದ ವಾಸನೆ. ಕೈಯಲ್ಲಿ ಇರಬೇಕಾದದ್ದು ನೆಲದಲ್ಲಿ ಬಂದಿತೆಂದರೆ ಏನೋ ಕೆಟ್ಟಿರಬೇಕೆಂದು ಅವರಿಗೆ ಹೊಳೆಯಿತಂತೆ.

ರಬ್ಬರು ಅಷ್ಟು ಬೇಗ ಕೆಟ್ಟದ್ದು ಏಕೆಂದು ವಿಚಾರಿಸಿದಾಗ ಮತ್ತೊಂದು ಸ್ವಾರಸ್ಯ ತಿಳಿಯಿತು. ತೀರ್ಥರೂಪರ ಕಾಲದ ಪೆಟ್ರೋಲು ಈಗಿನದಲ್ಲ. ನಮ್ಮ ದೇಶದಲ್ಲಿ ಪೆಟ್ರೋಲಿಗೆ ಎಥನಾಲೆಂಬ ಮದ್ಯಸಾರವನ್ನು ಬೆರಸುವ ಪದ್ಧತಿ ಹಂತಹಂತವಾಗಿ ಬೆಳೆದು, 2022ರ ಜೂನಿನಲ್ಲಿ ನೂರಕ್ಕೆ 10 ಪಾಲಿಗೂ, 2025ರಲ್ಲಿ 20 ಪಾಲಿಗೂ ಮುಟ್ಟಿತು. ಇಪ್ಪತ್ತು ಪಾಲಿನ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಬಿಡುಗಡೆ ಮಾಡಿದರು. ಈ ಮದ್ಯಸಾರ ಹುಟ್ಟುವದು ಕಬ್ಬಿನಿಂದ, ಅಕ್ಕಿಯಿಂದ, ಗೋವಿನಜೋಳದಿಂದ. ನಮ್ಮ ಹಾವೇರಿ ಸೀಮೆಯ ಹೊಲಗಳನ್ನೆಲ್ಲ ಗೋವಿನಜೋಳ ತುಂಬಿರುವಾಗ, ಇದು ರೈತನಿಗೆ ಒಳ್ಳೆಯ ಸುದ್ದಿಯೇ. ನಾವೂ ಗೋವಿನಜೋಳ ಬೆಳೆಯುವವರು, ಅದನ್ನು ಹಳಿಯಲಾರೆವು. ಆದರೆ ಹಳೆಯ ವಾಹನಗಳನ್ನು ಕಟ್ಟಿದವರು ಈ ಬೆರಕೆಯನ್ನು ಎಣಿಸಿರಲಿಲ್ಲ. ಮದ್ಯಸಾರವು ಕೆಲವು ಜಾತಿಯ ರಬ್ಬರನ್ನು ಉಬ್ಬಿಸುವದು. ಹಿಂದಿನ ಮೇಸ್ತ್ರಿಗಳು ಸಂದುಗಳಿಗೆ ಬಳಿಯುತ್ತಿದ್ದ ಅರಗನ್ನು ಕರಗಿಸುವದು; ಬಡಗಿಗಳು ಪಾಲಿಶಿಗಾಗಿ ಅರಗನ್ನು ಸ್ಪಿರಿಟಿನಲ್ಲಿ ಕರಗಿಸುವದನ್ನು ಎಲ್ಲರೂ ಬಲ್ಲರು. ಗಾಳಿಯ ತೇವವನ್ನು ಅದು ಹೀರಿಕೊಳ್ಳುವದು; ನೀರು ಮಿತಿಮೀರಿದರೆ ನೀರೂ ಮದ್ಯಸಾರವೂ ಕೂಡಿ ಪೆಟ್ರೋಲನ್ನು ಬಿಟ್ಟು ತಳಕ್ಕೆ ಇಳಿಯುವವು. ತಳವೆಂದರೆ ರಿಸರ್ವಿನ ರಂಧ್ರ ಇರುವ ಸ್ಥಳವೇ! ಆಪತ್ತಿಗೆಂದು ಕಾಯ್ದಿಟ್ಟ ನಿಧಿಯಲ್ಲಿ ನೀರೂ ತುಕ್ಕೂ ಕೂಡಿದರೆ, ಆಪತ್ತಿನ ದಿನ ಅದು ಕೈಕೊಡದೆ ಇರುವದೆ?

ಇನ್ನೊಂದು ಸೂಕ್ಷ್ಮ. ಜಾವಾದಂಥ ಎರಡು ಹೊಡೆತದ ಯಂತ್ರಕ್ಕೆ ಪೆಟ್ರೋಲೇ ಎಣ್ಣೆಯನ್ನೂ ಹೊತ್ತು ತರುವದು. ಒಂದು ಲೀಟರಿಗೆ 40ರಿಂದ 50 ಮಿಲಿಲೀಟರು ಎಣ್ಣೆ ಬೆರಸುವದು ವಾಡಿಕೆ. ಆದುದರಿಂದ ಕಾಕು ಅರ್ಧ ಕಟ್ಟಿಕೊಂಡು ಪೆಟ್ರೋಲು ಕಡಿಮೆ ಬಂದರೆ ಹೊಟ್ಟೆಗೆ ಅನ್ನವಷ್ಟೇ ಅಲ್ಲ, ಕೀಲಿಗೆ ಎಣ್ಣೆಯೂ ಕಡಿಮೆಯಾಗಿ, ಓಡುತ್ತಿರುವಾಗಲೇ ಯಂತ್ರ ಕಚ್ಚಿಕೊಳ್ಳುವ ಭಯವುಂಟು. ಮದ್ಯಸಾರಕ್ಕೆ ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕಾದ್ದರಿಂದ, ಹಳೆಯ ಅಳತೆಯ ಜೆಟ್ಟಿನಲ್ಲಿ ಮಿಶ್ರಣವು ಸ್ವಲ್ಪ ತೆಳುವಾಗಿ ಬಿಸಿಯೂ ಹೆಚ್ಚುವದು. ತೆರೆದ ತೂಬು ಪೂರ್ತಿ ತೆರೆಯಬೇಕು, ಮುಚ್ಚಿದ್ದು ಪೂರ್ತಿ ಮುಚ್ಚಬೇಕು. ನಡುವಿನದು ಎರಡೂ ಕಡೆಗೆ ಕೇಡು.

ಆ ಸಂಜೆಯ ತರುವಾಯ ಮನೆಯಲ್ಲಿ ದೊಡ್ಡ ವಿಚಾರ ನಡೆಯಿತು. ಬೆಂಗಳೂರಿನ ನಮ್ಮ ತಮ್ಮನು, ಹಳೆಯ ವಾಹನಗಳನ್ನು ಸಂಗ್ರಹಿಸುವವರು ಒಳ್ಳೆಯ ಬೆಲೆ ಕೊಡುವರೆಂದೂ, ಅಪಾಯವನ್ನು ಮನೆಯಲ್ಲಿ ಇಟ್ಟುಕೊಳ್ಳುವದು ಜಾಣತನವಲ್ಲವೆಂದೂ ಹೇಳಿದನು. ಅವನ ಮಾತಿನಲ್ಲಿ ಸತ್ಯವಿತ್ತು. ಮಗಳು ಕಣ್ಣೀರಿಟ್ಟಳು, ಆ ಕಣ್ಣೀರಿನಲ್ಲಿಯೂ ಸತ್ಯವಿತ್ತು. ನಾವು ಎರಡರ ನಡುವೆ ಸಿಕ್ಕು ಮಾತೋಶ್ರೀಯವರ ಕಡೆಗೆ ನೋಡಿದೆವು. ಅವರು ವಾಹನದ ಮೇಲೆ ಮುನಿಯಲಿಲ್ಲ, ಮಮತೆಯ ಮಾತನ್ನೂ ಆಡಲಿಲ್ಲ. ಎತ್ತು ಹಾಯುವದೆಂದು ಎತ್ತನ್ನು ಮಾರಲಿಲ್ಲವಷ್ಟೆ, ಕೊಟ್ಟಿಗೆ ಕಟ್ಟಿದೆವು. ಇದಕ್ಕೂ ಒಂದು ಕೊಟ್ಟಿಗೆ ಕಟ್ಟಿರಿ ಎಂದರು. ಹಿತ್ತಿಲಲ್ಲಿ, ಅಡಿಗೆಮನೆಯಿಂದ ದೂರಕ್ಕೆ, ಎರಡು ಕಡೆ ಗಾಳಿಯಾಡುವಂತೆ ತಗಡಿನ ಒಂದು ಚಪ್ಪರ ಎದ್ದಿತು. ಫಟಫಟಿ ಐವತ್ತೇಳು ವರ್ಷಗಳ ಮೇಲೆ ಪಡಸಾಲೆಯನ್ನು ಬಿಟ್ಟಿತು. ಅದು ನಿಂತಿದ್ದ ಮೂಲೆ ಕೆಲವು ದಿನ ಖಾಲಿಯೆನಿಸಿತು. ಈಗ ಅಲ್ಲಿ ಮಗಳ ಪುಸ್ತಕದ ಕಪಾಟು ಇದೆ.

ಹಳೆಯ ವಾಹನವುಳ್ಳ ಗೃಹಸ್ಥರಿಗೆ ಉಪಯೋಗವಾಗಬಹುದಾದ ಕೆಲವು ಮಾತುಗಳನ್ನು ಇಲ್ಲಿ ಸಂಗ್ರಹಿಸುತ್ತೇವೆ. ಗಾಡಿಯನ್ನು ನಿಲ್ಲಿಸಿದ ಕೂಡಲೆ ಕಾಕನ್ನು ಮುಚ್ಚಬೇಕು. ಕಾರ್ಬ್ಯುರೇಟರಿನ ಸೂಜಿಯನ್ನೇ ನೆಚ್ಚಿ ಕಾಕನ್ನು ತೆರೆದಿಡುವದು, ಒಳಬಾಗಿಲಿದೆಯೆಂದು ಹೆಬ್ಬಾಗಿಲನ್ನು ತೆರೆದು ಮಲಗಿದಂತೆ. ಹೊಸ ಕಾಕನ್ನು ಹಾಕಿದರೆ, ಅದನ್ನು ಮುಚ್ಚಿ, ಕೆಳಗಿನ ಕೊಳವೆಯನ್ನು ಬಿಚ್ಚಿ, ಒಂದು ರಾತ್ರಿ ಗಾಜಿನ ಸೀಸೆಯನ್ನು ಅಡಿಗಿಟ್ಟು, ಹನಿ ಬಿತ್ತೆ ಎಂದು ಬಯಲಿನಲ್ಲಿ ಪರೀಕ್ಷಿಸಬೇಕು. ಕಾರ್ಕಿನ ಬಿಲ್ಲೆ ಕುಗ್ಗಿದ್ದರೆ ಬಿಸಿನೀರಿನಲ್ಲಿ ನೆನೆಯಿಟ್ಟು ಉಬ್ಬಿಸಬಹುದು, ಪುಡಿಯಾಗುವದಾದರೆ ಬದಲಿಸಲೇಬೇಕು. ರಬ್ಬರು ಕೊಳ್ಳುವಾಗ ಮದ್ಯಸಾರವನ್ನು ತಡೆಯುವ ಜಾತಿಯದೇ ಎಂದು ಕೇಳಿ ಕೊಳ್ಳಬೇಕು. ಕೊಳವೆಯನ್ನು ಬೆರಳಿನಿಂದ ಬಾಗಿಸಿ ನೋಡಿ, ಬಿರುಕು ಕಂಡರೆ ಕನಿಕರವಿಲ್ಲದೆ ಎಸೆಯಬೇಕು. ತಿಂಗಳಿಗೊಮ್ಮೆ ರಿಸರ್ವಿನಲ್ಲಿ ಸ್ವಲ್ಪ ದೂರ ಓಡಿಸಿದರೆ ತಳದ ಹೂಳು ಕೂಡದು. ಕೆರೆಯ ಹೂಳೆತ್ತುವ ನಮ್ಮ ಹಿರಿಯರ ನಿಯಮವೇ ಇದು. ಬಹುದಿನ ನಿಲ್ಲಿಸುವದಿದ್ದರೆ ತೊಟ್ಟಿಯನ್ನೂ ಕಾರ್ಬ್ಯುರೇಟರಿನ ಬಾವಿಯನ್ನೂ ಬರಿದು ಮಾಡಬೇಕು. ಇಲ್ಲವಾದರೆ ಪೆಟ್ರೋಲು ಆರಿ, ಉಳಿದ ಎಣ್ಣೆ ಅಂಟಾಗಿ ಜೆಟ್ಟನ್ನು ಮುಚ್ಚುವದು.

ಮನೆಯಲ್ಲಿ ಪೆಟ್ರೋಲಿನ ವಾಸನೆ ಬಂದರೆ ಮೊದಲು ದೀಪವನ್ನೂ ಒಲೆಯನ್ನೂ ದೂರದಲ್ಲಿಯೇ ಆರಿಸಬೇಕು. ವಿದ್ಯುತ್ತಿನ ಗುಂಡಿಯನ್ನು ಒತ್ತಲೂಬಾರದು, ತೆಗೆಯಲೂಬಾರದು, ಅದರ ಕಿಡಿಯೂ ಕಿಡಿಯೇ. ಬಾಗಿಲು ಕಿಟಕಿ ತೆರೆದು, ಚೆಲ್ಲಿದ್ದರ ಮೇಲೆ ಒಣ ಮರಳನ್ನು ಹಾಕಿ, ಅದನ್ನು ಬಳಿದು ಬಯಲಿಗೆ ಒಯ್ಯಬೇಕು. ಹೊತ್ತಿಕೊಂಡರೆ ನೀರು ಹಾಕಬಾರದು; ಪೆಟ್ರೋಲು ನೀರಿನ ಮೇಲೆ ತೇಲಿ ಬೆಂಕಿಯನ್ನು ಹರಡುವದು. ಒಂದು ಬುಟ್ಟಿ ಮರಳು ವಾಹನದ ಬಳಿ ಯಾವಾಗಲೂ ಇರಲಿ. ಇದಕ್ಕೆ ಹಣ ಬೀಳುವದಿಲ್ಲ.

ಮಗಳು ಈಗ ರಜೆಗೆ ಬಂದಾಗ ಫಟಫಟಿಯನ್ನು ಚೌಡದಾನಪುರದ ಹೊಳೆಯವರೆಗೆ ಒಯ್ದು ತರುವಳು. ತಿರುಗಿ ಬಂದ ಮೇಲೆ ಚಪ್ಪರದಲ್ಲಿ ಹಿಡಿಕೆ ತಿರುವಿದ ಸದ್ದು ಕೇಳುವವರೆಗೆ ಮಾತೋಶ್ರೀಯವರು ಸಂಜೆಯ ದೀಪವನ್ನು ಹಚ್ಚುವದಿಲ್ಲ. ಹಿರಿಯರ ಪದಾರ್ಥವನ್ನು ಉಳಿಸಿಕೊಳ್ಳುವದೆಂದರೆ ಅದಕ್ಕೆ ಹೂವೇರಿಸುವದಷ್ಟೇ ಅಲ್ಲ, ಅದರ ತೂಬನ್ನು ದಿನಾಲು ಮುಚ್ಚುವದೂ ಹೌದು. ನಮ್ಮ ವಾಚಕರ ಮನೆಗಳಲ್ಲಿ ಫಟಫಟಿ ಇಲ್ಲದಿರಬಹುದು. ಆದರೆ ಅಡಿಗೆಯ ಅನಿಲದ ಕೀಲಿ ಇರುವದು, ನೀರಿನ ನಳ ಇರುವದು, ಸೀಮೆಎಣ್ಣೆಯ ಡಬ್ಬಿ ಇರುವದು. ರಾತ್ರಿ ಮಲಗುವ ಮುಂಚೆ ಒಮ್ಮೆ ಎದ್ದು ಅವುಗಳನ್ನು ಮುಟ್ಟಿ ನೋಡುವವರು ಮನೆಯಲ್ಲಿ ಒಬ್ಬರಾದರೂ ಇರಲಿ.